ಅಲ್ಲಪ್ಪನ ಜಬಾನಿ

ಹುಕ್ಕೇರಿಗೆ ಹೋಗುವ ಬಸ್ಸಿನಲ್ಲಿ ಕಾಶೆವ್ವನಿಗೆ ಕಿಟಕಿಯ ಬದಿಯ ಜಾಗವೇ ಸಿಕ್ಕಿತು. ಸಿಕ್ಕರೇನು, ತೊಡೆಯ ಮೇಲಿನ ಖಾಕಿ ಲಕೋಟೆ ಅವಳನ್ನು ನೆಟ್ಟಗೆ ಕೂಡಗೊಡಲಿಲ್ಲ. ಅದು ಚೀಲದಲ್ಲಿ ಹಿಡಿಸುವಂಥದಲ್ಲ, ಮಡಚುವಂಥದಲ್ಲ, ಕಾಲ ಕೆಳಗೆ ಇಡುವಂಥದಂತೂ ಅಲ್ಲವೇ ಅಲ್ಲ. ಅದರೊಳಗೆ ಅವಳ ಎದೆಯ ಫೋಟೋ ಇತ್ತು. ಪೊಲೀಸರಿಗೆ ಎದೆಯ ಫೋಟೋ ಯಾತಕ್ಕೆ ಎಂದು ಅತ್ತೆ ಪಾರವ್ವ ಬೆಳಿಗ್ಗೆಯೇ ಕೇಳಿದ್ದಳು. ಯಾತಕ್ಕೂ ಬೇಡವೆಂದು ಕಾಶೆವ್ವನಿಗೂ ಗೊತ್ತು. ಆದರೆ ಮನೆಯಲ್ಲಿ ಬಿಟ್ಟು ಬಂದರೆ ಮುದುಕಿ ಸುಮ್ಮನಿರುವವಳೇ? ಹೋದ ವಾರ ನೀರು ತುಂಬಿಕೊಂಡು ಬಂದಾಗ ಗೋಕಾಕ ಫಾಲ್ಸಿನ ಗಿರಣಿ ಚಾಳಿನ ಆರೇಳು ಹೆಂಗಸರು ಇವಳ ಬಾಗಿಲಲ್ಲಿ ಮುತ್ತಿಕೊಂಡಿದ್ದರು. ನಡುವೆ ಪಾರವ್ವ ಆ ಕರಿ ಹಾಳೆಯನ್ನು ಬಿಸಿಲಿಗೆ ಎತ್ತಿ ಹಿಡಿದು, ಇದು ಪಕ್ಕೆಲುಬು, ಇದು ಹೆಗಲು, ಇದು ನಮ್ಮ ಸೊಸೆಯ ಜೀವ ಇರುವ ಜಾಗ ಎಂದು ತನಗೆ ತಿಳಿದಂತೆ ವಿವರಿಸುತ್ತಿದ್ದಳು. ಒಬ್ಬಳು ಬೆರಳಿಟ್ಟು, ಇಲ್ಲಿ ಬೆಳ್ಳಗೆ ಕಾಣುವುದು ಏನು ಎಂದು ಕೇಳಿದಳು. ಸೊಸೆಯ ಎದೆಯನ್ನು ಚಾಳಿಗೆಲ್ಲ ತೋರಿಸುವ ಅತ್ತೆಗೆ ನಾಚಿಕೆಯಿರಲಿಲ್ಲ, ಅಭಿಮಾನವಿತ್ತು. ಸೆರಗು ಎಳೆದುಕೊಂಡವಳು ಕಾಶೆವ್ವ. ಆ ಬೆಳ್ಳಗಿನದು ಏನೆಂದು ಅವಳಿಗೂ ಗೊತ್ತಿರಲಿಲ್ಲ. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಚಿಮಣಿಯ ಬೆಳಕಿಗೆ ಹಿಡಿದು ತಾನೂ ನೋಡಿದ್ದಳು.

ಇವತ್ತು ಕಾಗದ ತೆಗೆದುಕೊಂಡೇ ತಿರುಗಿ ಬರುವುದು. ಬಸ್ಸು ಹತ್ತುವಾಗ ಅವಳು ಮನಸ್ಸಿನಲ್ಲಿ ಹೇಳಿಕೊಂಡದ್ದು ಇಷ್ಟೇ. ಗಂಡ ದುಂಡಪ್ಪ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವನು; ಮೂರು ವರ್ಷದ ಹಿಂದೆ ಆಫ್ರಿಕಾಕ್ಕೆ, ಯುಗಾಂಡಾ ಎಂಬ ದೇಶದ ಜಿಂಜಾ ಎಂಬ ಊರಿನ ಹೊಸ ಬಟ್ಟೆಗಿರಣಿಗೆ ಹೋದ. ಹೋಗುವಾಗ ಒಂದು ವರ್ಷ ಅಂದಿದ್ದ. ಗಂಡಸರ ಒಂದು ವರ್ಷ. ಈಗ ಅಲ್ಲಿಯ ಸರಕಾರ ಹೆಂಡತಿಯನ್ನು ಕರೆಸಿಕೊಳ್ಳಲು ಪರವಾನಗಿ ಕೊಡುತ್ತದಂತೆ, ಆದರೆ ಈ ಅರವತ್ತೊಂದರ ಮೇ ತಿಂಗಳು ಮುಗಿಯುವುದರೊಳಗೆ ಅವಳ ಕಾಗದಗಳೆಲ್ಲ ಅಲ್ಲಿಗೆ ಮುಟ್ಟಬೇಕು. ಸಿಡುಬಿನ ಲಸಿಕೆ ಹಾಕಿಸಿಕೊಂಡದ್ದು, ಎದೆಯಲ್ಲಿ ರೋಗವಿಲ್ಲವೆಂದು ಡಾಕ್ಟರು ಬರೆದುಕೊಟ್ಟದ್ದು, ನಡತೆ ಚೆನ್ನಾಗಿದೆಯೆಂದು ಪೊಲೀಸರು ಬರೆದುಕೊಟ್ಟದ್ದು. ಮುಟ್ಟದಿದ್ದರೆ ದುಂಡಪ್ಪನನ್ನು ಒಬ್ಬೊಂಟಿಯೆಂದು ಹಿಡಿದು ಇನ್ನೂ ನಾಲ್ಕು ವರ್ಷದ ಕರಾರು. ಅವಳಿಗೀಗ ಇಪ್ಪತ್ತೆಂಟು. ಮಕ್ಕಳಿಲ್ಲ. ನಾಲ್ಕು ವರ್ಷ ಕೂಡಿಸಿದರೆ ಎಷ್ಟಾಗುತ್ತದೆಂದು ಚಾಳಿನ ಹೆಂಗಸರು ಅವಳಿಗಿಂತ ಮೊದಲೇ ಕೂಡಿಸಿ ಮುಗಿಸಿದ್ದರು. ಅಲ್ಲಿ ಅವನು ಯಾರನ್ನೋ ಇಟ್ಟುಕೊಂಡಿದ್ದಾನೆ ಎಂಬ ಮಾತೂ ನಳದ ಹತ್ತಿರ ಒಮ್ಮೆ ಕಿವಿಗೆ ಬಿದ್ದಿತ್ತು. ಅವಳು ಕೊಡ ತುಂಬುವವರೆಗೆ ನಿಂತು ಕೇಳಿಸಿಕೊಂಡೇ ಬಂದಿದ್ದಳು. ಅವನು ಬೇಕಾಗಿತ್ತು ಅವಳಿಗೆ. ಅವನ ಎಣ್ಣೆ ವಾಸನೆಯ ಅಂಗಿ, ಉಣ್ಣುವಾಗಿನ ಅವನ ಅವಸರ, ನಿದ್ದೆಯಲ್ಲಿ ಅವನು ಹಲ್ಲು ಕಡಿಯುವ ಸಪ್ಪಳ ಕೂಡ ಬೇಕಾಗಿತ್ತು.

ಲಸಿಕೆಯದು ಸುಲಭವಾಗಿ ಆಯಿತು ಅನ್ನುವಂತಿಲ್ಲ. ತೋಳಿನ ಮೇಲೆ ಗುಳ್ಳೆ ಎದ್ದದ್ದೇ ತಡ, ಪಾರವ್ವ ಮನೆಗೆ ಅವ್ವ, ಸಿಡುಬಿನ ದೇವಿ, ಬಂದಳೆಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ಎಂಟು ದಿನ ಮನೆಯಲ್ಲಿ ಒಗ್ಗರಣೆಯಿಲ್ಲ, ಬಾಚಣಿಕೆ ಮುಟ್ಟುವಂತಿಲ್ಲ, ದಿನಾ ಮೊಸರನ್ನದ ಎಡೆ. ಇದು ಸರಕಾರದ ಗುಳ್ಳೆ ಅತ್ತಿ, ಸೂಜಿಯಿಂದ ಬಂದದ್ದು ಎಂದು ಕಾಶೆವ್ವ ಹೇಳಿ ಸಾಕಾದಳು. ಸೂಜಿಯಲ್ಲಿ ಬಂದರೇನು, ಬಸ್ಸಿನಲ್ಲಿ ಬಂದರೇನು, ಅವ್ವ ಅವ್ವನೇ ಎಂದಳು ಮುದುಕಿ. ಅರಿಷಿಣ ಬಳಿದು ಬಳಿದು ಗುಳ್ಳೆ ಕಾಣದಂತಾಗಿ, ದವಾಖಾನೆಯಲ್ಲಿ ಅದನ್ನು ತಿಕ್ಕಿ ತೊಳೆದು ನೋಡಿದ ಕಂಪೌಂಡರ ಎಲ್ಲರೆದುರು ಬೈದ. ಬೈಸಿಕೊಂಡದ್ದೂ ಆಯಿತು, ಕಾಗದ ಬಂದದ್ದೂ ಆಯಿತು. ಮಗನ ಹತ್ತಿರ ಸೊಸೆಯನ್ನು ಕಳಿಸಬೇಕೆಂದು ಈ ಮುದುಕಿಗೆ ಎಷ್ಟು ಆಸೆಯೆಂದರೆ, ತಾನು ಒಬ್ಬಳೇ ಉಳಿಯುವ ಮಾತನ್ನು ಒಂದು ಸಲವೂ ಎತ್ತಲಿಲ್ಲ. ಮಮದಾಪುರದ ಮಗಳ ಮನೆಗೆ ಹೋಗುತ್ತೇನೆ, ನೀನು ಹೊರಡು ಎಂದು ಬಿಟ್ಟಳು. ಅಂಥವಳಿಗೂ ಕಾಶೆವ್ವ ತನ್ನ ಮೊದಲ ಮದುವೆಯ ಒಂದು ವಿಷಯ ಹೇಳಿರಲಿಲ್ಲ.

ದುಂಡಪ್ಪನ ಜೊತೆ ಅವಳದು ಲಗ್ನವಲ್ಲ, ಉಡಿಕಿ. ಮೊದಲ ಗಂಡನಿಂದ ಬಿಡುಗಡೆಯಾದವಳು ಇನ್ನೊಬ್ಬನು ತಂದ ಸೀರೆ ಉಟ್ಟುಕೊಂಡರೆ ಮುಗಿಯಿತು. ಹಂದರವಿಲ್ಲ, ವಾದ್ಯವಿಲ್ಲ, ಅಕ್ಕಿಕಾಳಿಲ್ಲ. ಅಂದಿನಿಂದ ಯಾರ ಮದುವೆಯಲ್ಲೂ ಅರಿಷಿಣ ಹಚ್ಚಲು ಅವಳನ್ನು ಕರೆದವರಿಲ್ಲ; ಊಟಕ್ಕೆ ಕರೆಯುತ್ತಾರೆ, ಪಾತ್ರೆ ತಿಕ್ಕಲು ಕರೆಯುತ್ತಾರೆ. ಅದಕ್ಕೇ ಆ ಪರವಾನಗಿಯ ಅರ್ಜಿ ಬಂದಾಗ ಅವಳು ಅದನ್ನು ಎರಡು ಮೂರು ಸಲ ನೋಡಿದ್ದಳು. ಅದರಲ್ಲಿ ಲಗ್ನದವಳು, ಉಡಿಕಿಯವಳು ಎಂದು ಎರಡು ಜಾಗ ಇರಲಿಲ್ಲ. ಇದ್ದದ್ದು ಒಂದೇ ಮಾತು, ಹೆಂಡತಿ ಎಂದು. ಅದರ ಮುಂದೆ ಅವಳ ಹೆಸರು. ಆ ದೇಶದವರಿಗೆ ಇಷ್ಟು ಸಾಕಾದರೆ ತನಗೂ ಸಾಕು ಎನಿಸಿತ್ತು. ಆದರೆ ಅರ್ಜಿಯ ಹಿಂಬದಿಯಲ್ಲಿ ಇನ್ನೊಂದು ಪ್ರಶ್ನೆ ಇತ್ತು: ಹಿಂದೆ ಮದುವೆಯಾಗಿದ್ದರೆ ಅದು ಹೇಗೆ ಮುಗಿಯಿತು.

ಹೋದ ವಾರ ಬೆಳಗಾವಿಯಲ್ಲಿ ಡಾಕ್ಟರು ಅವಳನ್ನು ತಣ್ಣನೆಯ ತಗಡಿಗೆ ಎದೆ ಹಚ್ಚಿ ನಿಲ್ಲಿಸಿ ಉಸಿರು ಹಿಡಿ ಅಂದಿದ್ದರು. ಹಿಡಿದಳು. ಹಿಡಿದ ಆ ಉಸಿರಿನಲ್ಲಿ ನಿಡಸೋಸಿಯ ಬಾಜೂ ಹಳ್ಳಿಯ ಆ ಕತ್ತಲೆ ಪಡಸಾಲೆಯ ವಾಸನೆ ಬಂತು, ಖರೇ ಬಂತು. ಹತ್ತು ವರ್ಷ ಎಲ್ಲಿ ಅಡಗಿ ಕೂತಿತ್ತೋ. ಬೂದಿ ತುಂಬಿದ ಮಣ್ಣಿನ ಪಾತ್ರೆ, ಅದರಲ್ಲಿ ಮೊದಲ ಗಂಡ ಅಲ್ಲಪ್ಪ ಉಗುಳಿದ್ದು, ಅದನ್ನು ಎತ್ತಿಕೊಂಡು ಹೋಗಿ ಹುಗಿಯುವಾಗ ತಾನು ಹೀಗೆಯೇ ಉಸಿರು ಹಿಡಿಯುತ್ತಿದ್ದದ್ದು. ಬಿಡು ಎಂದು ಡಾಕ್ಟರು ಎರಡು ಸಲ ಹೇಳಬೇಕಾಯಿತು. ಆಮೇಲೆ ಅವರು ಮೇಜಿನ ಹಿಂದೆ ಕೂತು ಬರೆದುಕೊಳ್ಳುತ್ತ, ತಲೆ ಎತ್ತದೆ, ನಿಮ್ಮ ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ ಎಂದು ಕೇಳಿದರು. ಇಲ್ರಿ ಎಂದಳು. ಮಾತು ವಿಚಾರಕ್ಕಿಂತ ಮೊದಲು ಬಂದಿತ್ತು. ಸುಳ್ಳು ಉತ್ತರ ಕೊಟ್ಟದ್ದು ಮುಂದೆ ತಿಳಿದರೆ ಪರವಾನಗಿ ರದ್ದಾಗುತ್ತದೆ ಎಂದು ಕೆಳಗೆ ಅಚ್ಚು ಹಾಕಿದ್ದನ್ನು ಅವರು ಓದಿ ಹೇಳಿ, ಇಲ್ಲಿ ಸಹಿ ಮಾಡು ಎಂದರು. ಮೂಡಲಗಿಯ ಸಾಲಿಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದ್ದು ಇದಕ್ಕೇ ಉಪಯೋಗಕ್ಕೆ ಬಂತು. ಫೋಟೋ ತೊಳೆದು ತಂದ ಮೇಲೆ ಎದೆ ಸ್ವಚ್ಛವಾಗಿದೆ ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಇವಳು ಸ್ವಚ್ಛ ಅಂದರೂ ನೋಡಿಕೊಂಡಳು.

ಬಸ್ಸು ಘಟಪ್ರಭೆಯಲ್ಲಿ ನಿಂತು, ಜನರನ್ನು ಇಳಿಸಿ ಹತ್ತಿಸಿಕೊಂಡು ಹೊರಟಿತು. ಪಕ್ಕದಲ್ಲಿ ಬಂದು ಕೂತ ಮುದುಕ ಲಕೋಟೆ ನೋಡಿ, ಹೊಲದ ನಕಾಶೆಯೇನು ಎಂದು ವಿಚಾರಿಸಿದ. ಹೌದೆಂದಳು. ಎಷ್ಟು ಎಕರೆ ಅಂದ. ಎರಡು ಅಂದಳು. ಸುಳ್ಳು ಹೇಳುವುದು ಎಷ್ಟು ಹಗುರಾಗಿಬಿಟ್ಟಿದೆ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ನಡತೆಯ ಕಾಗದ ಕೇಳಲು ಹೋದಾಗ ಗೋಕಾಕ ಠಾಣೆಯ ಫೌಜದಾರರು ಬೈದಿರಲಿಲ್ಲ, ಒಳ್ಳೆಯವರೇ. ಮೊದಲ ಮದುವೆ ಮುರಿದದ್ದಕ್ಕೆ ಕಾಗದವೆಲ್ಲಿ ಎಂದು ಕೇಳಿದ್ದರು. ಕಾಗದ ಎಲ್ಲಿಂದ ತರುವುದು? ಅವರ ಕಡೆ ಬಿಡುಗಡೆಯೆಂದರೆ ಐದು ಮಂದಿ ಪಂಚರ ಮುಂದೆ ಗಂಡನಾದವನು ಒಂದು ಕಡ್ಡಿ ಮುರಿದು ಹೆಂಡತಿಯ ಮುಂದೆ ಒಗೆಯುವುದು. ಅಷ್ಟೇ. ಮುರಿದ ಕಡ್ಡಿಗೆ ಮೊಹರು ಯಾರು ಒತ್ತುತ್ತಾರೆ? ಪಂಚರಲ್ಲಿ ನಾಲ್ವರು ಸತ್ತಿದ್ದಾರೆ, ಉಳಿದವನಿಗೆ ತನ್ನ ಹೆಸರೇ ನೆನಪಿಲ್ಲ. ಹಾಗಾದರೆ ಆ ಮನುಷ್ಯನೇ ಬಂದು ಹುಕ್ಕೇರಿ ಠಾಣೆಯಲ್ಲಿ ಜಬಾನಿ ಕೊಡಲಿ, ಬಾಯಿಂದ ಹೇಳಿ ಬರೆಸಲಿ, ಅದರ ಮೇಲೆ ನಾನು ಬರೆದುಕೊಡುತ್ತೇನೆ ಎಂದಿದ್ದರು ಫೌಜದಾರರು. ಮೂಡಲಗಿಯಲ್ಲಿದ್ದ ಅಣ್ಣ ಅಣ್ಣಪ್ಪ ವಿಚಾರಿಸಿ ತಿಳಿಸಿದ: ಅಲ್ಲಪ್ಪ ಸತ್ತಿಲ್ಲ. ಮಿರಜದಲ್ಲಿ ವರ್ಷಗಟ್ಟಲೆ ಔಷಧ ಮಾಡಿಸಿಕೊಂಡು ಎದ್ದು ಕೂತಿದ್ದಾನೆ, ಹುಕ್ಕೇರಿಯಲ್ಲಿ ಚಹಾದಂಗಡಿ ಇಟ್ಟಿದ್ದಾನೆ. ಅಂದು ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಸಾಯುತ್ತಾನೆಂದು ಬಿಟ್ಟು ಬಂದವಳು ತಾನು. ಬದುಕಿದ್ದಾನೆಂದರೆ, ಬಿಟ್ಟು ಬಂದದ್ದಕ್ಕೆ ಇದ್ದ ಒಂದೇ ಕಾರಣವೂ ಹೋಯಿತು.

ಆ ಕಡ್ಡಿಯನ್ನು ಅವನು ಮುರಿದಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿಲ್ಲ, ದುಂಡಪ್ಪನಿಗೂ ಹೇಳಿಲ್ಲ. ಅಲ್ಲಪ್ಪನನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ಕಟ್ಟೆಗೆ ತಂದಿದ್ದರು. ಹದಿನೆಂಟರ ಹುಡುಗಿಯನ್ನು ಈ ಹೆಣದ ಜೊತೆ ಯಾಕೆ ಹುಗಿಯುತ್ತೀರಿ ಎಂದು ಅಣ್ಣಪ್ಪ ಪಂಚರ ಕಾಲು ಹಿಡಿದಿದ್ದ. ಅವನ ಕೈಗೆ ಜೋಳದ ದಂಟಿನ ಒಣ ಕಡ್ಡಿ ಕೊಟ್ಟರು. ಅವನು ಹಿಡಿದುಕೊಂಡ, ನೋಡಿದ, ಬೆರಳು ಆಡಿಸಲಿಲ್ಲ. ಶಕ್ತಿಯಿರಲಿಲ್ಲವೋ ಮನಸ್ಸಿರಲಿಲ್ಲವೋ ದೇವರಿಗೇ ಗೊತ್ತು. ಪಂಚರು ಕೆಮ್ಮಿನ ಸಪ್ಪಳಕ್ಕೆ ಮುಖ ಆಚೆ ತಿರುಗಿಸಿ ಕೂತಿದ್ದರು. ಕಾಶೆವ್ವ ನೀರು ಕುಡಿಸುವ ನೆವದಿಂದ ಬಗ್ಗಿ, ಅವನ ಬೆರಳುಗಳ ಮೇಲೆ ತನ್ನ ಬೆರಳು ಇಟ್ಟು ಒತ್ತಿದಳು. ಲಟಕ್ ಎಂದಿತು. ಆಯಿತು ಎಂದರು ಪಂಚರು. ಅವಳು ಹಿಂದೆ ನೋಡದೆ ನಡೆದಳು. ಆ ದಿನ ಅವಳಿಗಾದದ್ದು ದುಃಖವಲ್ಲ, ಹಸಿವೆ. ಮೂಡಲಗಿಗೆ ಹೋಗಿ ಅತ್ತಿಗೆ ಬಡಿಸಿದ ನಾಲ್ಕು ರೊಟ್ಟಿ ತಿಂದಿದ್ದಳು.

ಹುಕ್ಕೇರಿ ಠಾಣೆ ಬಸ್ಸು ನಿಲ್ಲುವ ಜಾಗದಿಂದ ಕೂಗಳತೆಯಲ್ಲಿತ್ತು. ಬರೆಯುವ ಕೆಲಸದ ಹವಾಲ್ದಾರ ಮುರಿಗೆಪ್ಪ ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿಕೊಂಡ ದಪ್ಪ ಮನುಷ್ಯ. ಗೋಕಾಕದ ಫೌಜದಾರರ ಚೀಟಿಯನ್ನು ಎರಡು ಸಲ ಓದಿದ, ಆಫ್ರಿಕಾದಲ್ಲಿ ಜೋಳ ಬೆಳೆಯುತ್ತದೆಯೇ ಎಂದು ವಿಚಾರಿಸಿದ, ಅವಳನ್ನು ಬೆಂಚಿನ ಮೇಲೆ ಕೂಡಿಸಿ ಅಲ್ಲಪ್ಪನಿಗೆ ಹೇಳಿಕಳಿಸಿದ. ಕಾಯುವಷ್ಟು ಹೊತ್ತೂ ಅವಳು ತನ್ನ ಮಾತನ್ನು ತಿದ್ದಿ ತೀಡಿ ಇಟ್ಟುಕೊಂಡಳು. ಯಾಕೆ ಬಿಟ್ಟಿರಿ ಎಂದರೆ, ಹೊಂದಿಕೆಯಾಗಲಿಲ್ಲ ಎನ್ನುವುದು. ಯಾರಿಗೂ ತಾಗದ ಮಾತು, ಸುಳ್ಳೂ ಅಲ್ಲ. ಬಾಗಿಲಲ್ಲಿ ನೆರಳು ಬಿತ್ತು. ಬಂದವನಿಗೆ ಹೊಟ್ಟೆ ಬಂದಿತ್ತು. ಹತ್ತು ವರ್ಷ ಅವಳ ಕನಸಿನಲ್ಲಿ ಎಲುಬಿನ ಹಂದರವಾಗಿ ಬರುತ್ತಿದ್ದವನು ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಚಹಾದ ಕಲೆಯ ಬನಿಯನ್ನಿನಲ್ಲಿ, ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಅವಳು ಎದ್ದು ನಿಂತಳು. ಏನೆಂದು ಕರೆಯುವುದು? ಗಂಡನಾಗಿದ್ದಾಗ ಹೆಸರು ಹಿಡಿದು ಕರೆದಿರಲಿಲ್ಲ, ಈಗ ಅಣ್ಣಾ ಎನ್ನಲೂ ಬರುವುದಿಲ್ಲ. ಅರಾಮ ಏನ್ರಿ ಎಂದು ನೆಲ ನೋಡುತ್ತ ಹೇಳಿದಳು. ಅರಾಮ ಅದೇನಿ ಎಂದ ಅವನು. ಅವನ ಧ್ವನಿಯಲ್ಲಿ ಕೆಮ್ಮಿರಲಿಲ್ಲ.

ಮುರಿಗೆಪ್ಪ ಟಾಕು ಅದ್ದಿ ಬರೆಯತೊಡಗಿದ. ಹೆಸರು, ವಯಸ್ಸು, ಉದ್ಯೋಗ. ಈ ಹೆಣ್ಣುಮಗಳು ನಿನ್ನ ಹೆಂಡತಿಯಾಗಿದ್ದಳೇ? ಆಗಿದ್ದಳು. ಪಂಚರ ಮುಂದೆ ನೀನೇ ಕಡ್ಡಿ ಮುರಿದೆಯಾ? ಕಾಶೆವ್ವ ಲಕೋಟೆಯ ಅಂಚು ಹಿಡಿದುಕೊಂಡಳು. ನಾನೇ ಮುರಿದೆ ಎಂದ ಅಲ್ಲಪ್ಪ, ಸಕ್ಕರೆ ಎಷ್ಟು ಹಾಕಲಿ ಎಂದು ಕೇಳುವಷ್ಟು ಸರಳವಾಗಿ. ಟಾಕು ಸರಸರ ಓಡಿತು. ಅವಳಿಗೆ ಒಮ್ಮೆಲೇ ಹಗುರಾಯಿತು, ಹಗುರಾದದ್ದಕ್ಕೆ ನಾಚಿಕೆಯಾಯಿತು. ಆಮೇಲೆ ಮುರಿಗೆಪ್ಪ ಅವಳ ಕಡೆ ತಿರುಗಿ ಕಾರಣ ಕೇಳಿದ. ಹೊಂದಿಕೆಯಾಗಲಿಲ್ಲ ಎಂದಳು. ಅವನು ಟಾಕು ಕೆಳಗಿಟ್ಟ. ಹೊಂದಿಕೆಯಾಗಲಿಲ್ಲ ಎಂದು ಬರೆದರೆ ಯಾರ ತಪ್ಪೆಂದು ಮೇಲಿನವರು ಕೇಳುತ್ತಾರೆ, ನಿನ್ನ ತಪ್ಪೆಂದಾದರೆ ನಡತೆಯ ಕಾಗದ ಬರುವುದಿಲ್ಲ, ಅವನ ತಪ್ಪೆಂದಾದರೆ ಏನು ತಪ್ಪೆಂದು ಬರೆಯಬೇಕು, ಸರಕಾರಕ್ಕೆ ಅಷ್ಟಿಷ್ಟು ನಡೆಯುವುದಿಲ್ಲ ಎಂದು ಸಾಲಿ ಮಾಸ್ತರನ ಹಾಗೆ ತಿಳಿಸಿ ಹೇಳಿದ.

ಅತ್ತ ದರಿ ಇತ್ತ ಪುಲಿ. ಕ್ಷಯದ ಜಡ್ಡು ಎಂದರೆ ಬೆಳಗಾವಿಯ ಕಾಗದ ಸುಳ್ಳಾಗುತ್ತದೆ, ಪರವಾನಗಿ ಹೋಗುತ್ತದೆ. ನಾನೇ ಬಿಟ್ಟು ಓಡಿದೆ ಎಂದರೆ ನಡತೆ ಹೋಗುತ್ತದೆ. ಆದರೂ ಆ ಗಳಿಗೆಯಲ್ಲಿ, ಎದುರಿಗೆ ಆ ಮನುಷ್ಯ ಕೈಕಟ್ಟಿ ನಿಂತಿದ್ದನ್ನು ನೋಡಿ, ಸುಳ್ಳು ಸಾಕು ಎನಿಸಿತು ಅವಳಿಗೆ. ನಾಲ್ಕು ವರ್ಷ ಹೋದರೆ ಹೋಗಲಿ. ಇವನ ಮುಂದೆ ನಿಂತು, ಇವನ ಬಗ್ಗೆ, ಇನ್ನೊಂದು ಸುಳ್ಳು ಬೇಡ. ಎದೆ ಗಟ್ಟಿಮಾಡಿ ಬಾಯಿ ತೆರೆದಳು. ಜಡ್ಡು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ನಾ ಹೊಡಿತಿದ್ನಿರಿ ಆಕೀನ," ಅಂದ ಅಲ್ಲಪ್ಪ. "ದಿನಾ ಹೊಡಿತಿದ್ನಿ. ಅದಕ್ಕ ಬಿಟ್ಟಳು. ಬರಕೋರಿ."

ಮುರಿಗೆಪ್ಪನಿಗೆ ಸಮಾಧಾನವಾಯಿತು. ಮೊದಲೇ ಹೀಗೆ ಹೇಳಬಾರದೇ, ನೂರಕ್ಕೆ ತೊಂಬತ್ತು ಇದೇ ಇರುತ್ತದೆ, ಇದಕ್ಕೆ ಯಾರೂ ಮುಂದೆ ಕೇಳುವುದಿಲ್ಲ ಎನ್ನುತ್ತ, ಮೊಹರಿನ ಕಾಗದ ತರಲು ಒಳಗಿನ ಕೋಣೆಗೆ ಹೋದ; ಹೋಗುವಾಗ ಚಹಾಕ್ಕೂ ಹೇಳ್ರೋ ಎಂದು ಪಡಸಾಲೆಯ ಪೊಲೀಸನಿಗೆ ಕೂಗಿದ. ಇಬ್ಬರೇ ಉಳಿದರು. ಒಂದು ದಿನ, ಒಂದೇ ಒಂದು ದಿನ ಈ ಮನುಷ್ಯ ಕೈ ಎತ್ತಿದವನಲ್ಲ. ಅವಳು ಹೊಸದಾಗಿ ಬಂದಾಗ ರೊಟ್ಟಿ ಹರಿದು ಹೋಗುತ್ತಿದ್ದವು. ಹರಿದದ್ದನ್ನೇ ಒಳ್ಳೆಯದಿದೆ ಎಂದು ಎತ್ತಿಕೊಂಡು ತಿನ್ನುತ್ತಿದ್ದ.

"ಇಂಥಾ ಸುಳ್ಳ ಹೊರಿಸಿ ನಾ ಹೋಗೂದಿಲ್ಲ. ಇದ್ದದ್ದ ಹೇಳತೇನಿ," ಅಂದಳು.

ಅವನು ಬಾಗಿಲ ಕಡೆ ನೋಡಿ ಧ್ವನಿ ಇಳಿಸಿದ. "ನಿನ್ನ ಕಾಲ ಬೀಳತೇನಿ, ಹೇಳಬ್ಯಾಡ. ಈ ಊರಾಗ ಯಾರಿಗೂ ಗೊತ್ತಿಲ್ಲ. ಮನ್ಯಾಗ ಸೈತ ಗೊತ್ತಿಲ್ಲ. ಹೇಂತಿನ ಹೊಡದಾಂವನ ಕೈಯಾಗಿನ ಚಹಾ ಊರೆಲ್ಲಾ ಕುಡೀತೈತಿ. ಜಡ್ಡಿನಾಂವನ ಕೈಯಾಗಿಂದು ಯಾರ ಕುಡೀತಾರ, ನೀನ ಹೇಳು."

ಖರೆ ಹೇಳಿ ತಾನು ದೊಡ್ಡವಳಾಗಬಹುದು ಎಂದುಕೊಂಡಿದ್ದಳಲ್ಲ, ಅದರ ಬೆಲೆಯನ್ನೂ ಇವನೇ ತೆರಬೇಕಾಗಿತ್ತು. ಹತ್ತು ವರ್ಷದ ಹಿಂದೆ ಜೀವ ಉಳಿಸಿಕೊಂಡದ್ದು ಇವನ ಲೆಕ್ಕದಲ್ಲಿ, ಇವತ್ತು ಮನಸ್ಸು ತೊಳೆದುಕೊಳ್ಳುವುದೂ ಇವನ ಲೆಕ್ಕದಲ್ಲಿಯೇ? ತನ್ನ ಮೇಲೆ ಅವಳಿಗೆ ಹೇಸಿಗೆಯಾಯಿತು. ಅಲ್ಲಪ್ಪ ಅವಳ ಕೈಯಲ್ಲಿದ್ದ ಲಕೋಟೆಯನ್ನು ನೋಡುತ್ತಿದ್ದ. ಅದು ಎಂಥದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಿರಜದಲ್ಲಿ ಅಂಥವು ಎಷ್ಟು ತೆಗೆಸಿಕೊಂಡಿದ್ದನೋ. ನಿಂದೇನು ಎಂದು ಕೇಳಿದ. ಹೌದೆಂದಳು.

"ಏನರ ಬಂದೈತೇನು ಅದರಾಗ?"

"ಇಲ್ಲ. ಸ್ವಚ್ಛ ಐತಿ ಅಂದ್ರು."

ಅವನು ಟವೆಲ್ ತೆಗೆದು ಮುಖ ಒರೆಸಿಕೊಂಡ, ಕುತ್ತಿಗೆ ಒರೆಸಿಕೊಂಡ, ಮತ್ತೆ ಮುಖ ಒರೆಸಿಕೊಂಡ. ಮಿರಜದ ಹಾಸಿಗೆಯ ಮೇಲೆ ದಿನಾ ಇದನ್ನೇ ವಿಚಾರ ಮಾಡುತ್ತಿದ್ದನಂತೆ, ತನ್ನ ಜಡ್ಡು ಅವಳಿಗೂ ಹತ್ತಿಕೊಂಡಿರಬಹುದೆಂದು. ವಿಚಾರಿಸಿ ಬರಲು ಯಾರೂ ಸಿಗಲಿಲ್ಲವಂತೆ. ಇದನ್ನು ಅವನು ಗೋಡೆಯ ಕಡೆ ನೋಡುತ್ತ ಹೇಳಿದ. ಅವಳಿಗೆ ಅಳು ಬಂತು, ಆದರೆ ಮುರಿಗೆಪ್ಪನ ಬೂಟಿನ ಸಪ್ಪಳವೂ ಬಂತು.

ಕಾಗದ ಹಾಸಿ ಕೂತ ಮುರಿಗೆಪ್ಪ ಈಗ ಅವಳನ್ನು ಕೇಳಿದ, ಇವನು ಹೇಳಿದ್ದು ಖರೆಯೇ ಎಂದು. ಅವಳು ಹೌದ್ರಿ ಎಂದಳು. ಧ್ವನಿ ಗಟ್ಟಿಯಾಗಿಯೇ ಬಂತು. ಮುಗಿಯಿತು ಎಂದುಕೊಂಡರೆ ಮುಗಿಯಲಿಲ್ಲ. ಯಾತರಿಂದ ಹೊಡೆಯುತ್ತಿದ್ದ, ಕೈಯಿಂದಲೋ ಬಾರಕೋಲಿನಿಂದಲೋ? ಮೈಮೇಲೆ ಗುರುತು ಏನಾದರೂ ಇದ್ದರೆ ಜಬಾನಿ ಗಟ್ಟಿಯಾಗುತ್ತದೆ ಎಂದ. ಇಲ್ಲ ಎನ್ನುವುದರೊಳಗೆ ಅಲ್ಲಪ್ಪ ಅವಳ ಎಡಗೈಯತ್ತ ಬೆರಳು ಮಾಡಿದ. ಮೊಣಕೈಯಿಂದ ಮುಂಗೈಯವರೆಗೆ ಹರಡಿದ ಹಳೆಯ ಸುಟ್ಟ ಕಲೆ. ಬೆಳಗಾವಿಯ ಡಾಕ್ಟರೂ ಗುರುತಿನ ಚಿಹ್ನೆಯೆಂದು ಅದನ್ನೇ ಬರೆದುಕೊಂಡಿದ್ದರು. "ಅದು ನಂದರಿ. ಬಿಸಿನೀರಿನ ಕಲಿ, ನನ್ನಿಂದ ಆದದ್ದು," ಅಂದ. ಸುಳ್ಳಲ್ಲ. ಅವನ ತಾಟು, ಅವನ ವಾಟಗ, ಅವನ ಹಾಸಿಗೆಯ ಅರಿವೆ, ದಿನಾ ಕುದಿಯುವ ನೀರಿನಲ್ಲಿ ಹಾಕಿ ತೆಗೆಯುತ್ತಿದ್ದಳು. ಎರಡನೆಯ ವರ್ಷದ ಒಂದು ಬೆಳಿಗ್ಗೆ ಹಂಡೆ ಜಾರಿ ಕೈಮೇಲೆ ಮಗುಚಿತ್ತು. ಅವನ ತಾಯಿ ಮಗನ ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ. ಎರಡು ವರ್ಷ ಅವಳೊಬ್ಬಳೇ ದಾಟಿದ್ದಳು. ಬಿಟ್ಟು ಬಂದದ್ದನ್ನು ನೆನೆದು ನೆನೆದು, ಬಿಡುವುದಕ್ಕಿಂತ ಮುಂಚಿನ ಆ ಎರಡು ವರ್ಷವನ್ನು ಅವಳು ಮರೆತೇಬಿಟ್ಟಿದ್ದಳು. ಅವನು ಮರೆತಿರಲಿಲ್ಲ. ಮುರಿಗೆಪ್ಪ ಬಗ್ಗಿ ಕಲೆ ನೋಡಿ, ಛೇ ಎಂದು, ಬಿಸಿನೀರು ಹೊಯ್ದು ಗಾಯಪಡಿಸಿದ್ದಾಗಿ ಎಂದು ಒಂದು ಸಾಲು ಜಾಸ್ತಿ ಬರೆದ. ಬರೆದು ಅಲ್ಲಪ್ಪನನ್ನು ತಿರಸ್ಕಾರದಿಂದ ನೋಡಿದ. ಅಲ್ಲಪ್ಪ ತಲೆ ತಗ್ಗಿಸಿ ನಿಂತ, ಖರೇ ತಪ್ಪು ಮಾಡಿದವನಂತೆ.

ನಡೆದದ್ದನ್ನು ಓದಿ ಹೇಳುವುದು ರೂಢಿ. ಮುರಿಗೆಪ್ಪ ಗಂಟಲು ಸರಿಮಾಡಿಕೊಂಡು, ಠಾಣೆಯೆಲ್ಲ ಕೇಳುವಂತೆ ದೊಡ್ಡ ಧ್ವನಿಯಲ್ಲಿ ಓದತೊಡಗಿದ. ನಾನು ಸದರಿ ಕಾಶೆವ್ವಳನ್ನು ದಿನಂಪ್ರತಿ ಹೊಡೆಯುತ್ತಿದ್ದುದು ನಿಜ ಎಂಬಲ್ಲಿಗೆ ಬಂದಾಗ ಬಾಗಿಲಲ್ಲಿ ಗ್ಲಾಸುಗಳ ಸಪ್ಪಳವಾಯಿತು. ತಂತಿಯ ಬುಟ್ಟಿಯಲ್ಲಿ ನಾಲ್ಕು ಗ್ಲಾಸು ಚಹಾ ಹಿಡಿದುಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಅಂಗಡಿಯ ಯಜಮಾನ ಇಲ್ಲಿದ್ದ ಮೇಲೆ ಚಹಾ ತರುವವರು ಇನ್ನಾರು? ಅವಳು ಅಲ್ಲಪ್ಪನ ಹೆಂಡತಿ ಕೆಂಚವ್ವ. ಅಲ್ಲಪ್ಪ ಅವಳನ್ನು ನೋಡಿ, ನೋಡದವನಂತೆ ಮುಖ ತಿರುಗಿಸಿದ. ಮುರಿಗೆಪ್ಪ ಓದುವುದನ್ನು ನಿಲ್ಲಿಸಲಿಲ್ಲ. ಬಿಸಿನೀರಿನ ಸಾಲನ್ನು ಮಾತ್ರ ಇನ್ನೂ ಸ್ವಲ್ಪ ಒತ್ತಿ ಓದಿದ. ಓದಿ ಮುಗಿಸಿ ಕಾಶೆವ್ವನಿಂದ ಸಹಿ ಮಾಡಿಸಿಕೊಂಡ. ಅವಳು ಒಂದೊಂದೇ ಅಕ್ಷರ ಬಿಡಿಸಿ ಬರೆದಳು. ಅಲ್ಲಪ್ಪನ ಹೆಬ್ಬೆರಳಿಗೆ ಮಸಿ ಬಳಿಯಬೇಕಿತ್ತು, ಫೌಜದಾರರ ಮೊಹರು ಬೀಳಬೇಕಿತ್ತು. ನೀನು ಹೊರಗೆ ಕೂಡು ತಂಗೀ, ಕರೆಯುತ್ತೇನೆ ಎಂದ.

ಹೊರಗಿನ ಕಟ್ಟೆಯ ಮೇಲೆ ಬಿಸಿಲು ಬಿದ್ದಿತ್ತು. ಕೆಂಚವ್ವ ಒಳಗೆ ಕೊಡುವುದನ್ನು ಕೊಟ್ಟು ಒಂದು ಗ್ಲಾಸು ಉಳಿಸಿಕೊಂಡು ಬಂದು ಕಾಶೆವ್ವನ ಮುಂದೆ ಹಿಡಿದಳು. ಇವಳಿಗಿಂತ ಎರಡು ಮೂರು ವರ್ಷ ಸಣ್ಣವಳಿರಬೇಕು. ಕೈತುಂಬ ಹಸಿರು ಬಳೆ, ಮೂಗಿನ ಮೇಲೆ ಬೆವರು. ಗ್ಲಾಸಿನ ಅಂಚಿನಲ್ಲಿ ಯಾರೋ ಕುಡಿದು ತೊಳೆದದ್ದರ ತೇವ ಇನ್ನೂ ಇತ್ತು. ಕಾಶೆವ್ವ ಅದನ್ನು ಕೈಯಲ್ಲಿ ಹಿಡಿದುಕೊಂಡಳೇ ಹೊರತು ಎತ್ತಲಿಲ್ಲ. ಎತ್ತಬೇಕೆಂದುಕೊಂಡಳು, ಕೈ ಏಳಲಿಲ್ಲ. ಒಳಗಿನಿಂದ ಮುರಿಗೆಪ್ಪನ ಧ್ವನಿ, ಒತ್ತು, ಇನ್ನೂ ಒತ್ತು ಎಂದು. ಕೆಂಚವ್ವ ಹೋಗದೆ ಅಲ್ಲೇ ನಿಂತಿದ್ದಳು. ಸವತಿಯಲ್ಲದ ಸವತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಸುಟ್ಟ ಕೈಯನ್ನು ಹೆಚ್ಚು ಹೊತ್ತು ನೋಡಿದಳು.

"ಯಕ್ಕಾ, ಒಂದ ಮಾತ ಕೇಳತೇನಿ, ಸಿಟ್ಟಾಗಬ್ಯಾಡ," ಅಂದಳು. "ಏಳ ವರ್ಷ ಆತು ನಾ ಬಾಳೇ ಮಾಡಾಕತ್ತು. ಒಂದ ಏಟ ಹಾಕಿಲ್ಲ ನನಗ. ಹಾಲ ಒಡದ ನುಕ್ಸಾನ ಆದ್ರೂ ಹಾಳ ಮಾತ ಆಡಿಲ್ಲ. ಅಂಥಾ ಮನಶ್ಯಾ ನಿನಗ್ಯಾಕ ಹೊಡದಾ?"

ಕೇಳಿದ್ದರಲ್ಲಿ ದ್ವೇಷವಿರಲಿಲ್ಲ. ಅಂಜಿಕೆ ಇತ್ತು. ಏಳು ವರ್ಷ ನಂಬಿಕೊಂಡು ಬಂದ ಮನುಷ್ಯ ಬೇರೆ ಯಾರೋ ಆಗಿಬಿಟ್ಟರೆ ಎಂಬ ಅಂಜಿಕೆ ಆ ಹುಡುಗಿಯ ಕಣ್ಣಲ್ಲಿ ಒಡೆದು ಕಾಣುತ್ತಿತ್ತು. ಕಾಶೆವ್ವ ಒಳಗೆ ನೋಡಿದಳು. ಬಾಗಿಲ ಸಂದಿಯಲ್ಲಿ ಅಲ್ಲಪ್ಪನ ಬೆನ್ನಷ್ಟೇ ಕಾಣುತ್ತಿತ್ತು, ಬಗ್ಗಿ ಹೆಬ್ಬೆರಳು ಒತ್ತುತ್ತಿದ್ದ. ಹೊಡೆಯಲೇ ಇಲ್ಲವೆಂದರೆ ಈಗಷ್ಟೇ ಸಹಿ ಮಾಡಿದ ಕಾಗದ ಹರಿದುಹೋಗುತ್ತದೆ. ಅವನು ಕೆಟ್ಟವನಿದ್ದ, ಈಗ ಸುಧಾರಿಸಿದ್ದಾನೆ ಎಂದರೆ ಈ ಹುಡುಗಿ ಇನ್ನು ಮೇಲೆ ಅವನು ಕೈ ಎತ್ತಿದಾಗೆಲ್ಲ, ಸಕ್ಕರೆ ಡಬ್ಬಿಗೆ ಎತ್ತಿದರೂ, ಬೆಚ್ಚಿ ಬೀಳುತ್ತಾಳೆ. ಅವಳು ಗ್ಲಾಸನ್ನು ಎತ್ತಿ ತುಟಿಗೆ ಹಚ್ಚಿದಳು. ಬಿಸಿಯಿತ್ತು, ಸಕ್ಕರೆ ಜಾಸ್ತಿಯಾಗಿತ್ತು. ನಡುವೆ ನಿಲ್ಲಿಸದೆ, ತಳದ ಚಹಾಪುಡಿ ನಾಲಿಗೆಗೆ ಬರುವವರೆಗೆ ಕುಡಿದಳು. ಕುಡಿದು, ಗ್ಲಾಸನ್ನು ಆ ಹುಡುಗಿಯ ಕೈಯಲ್ಲಿ ಇಟ್ಟು, ಅವಳ ಮುಖವನ್ನು ನೆಟ್ಟಗೆ ನೋಡಿದಳು.

"ತಪ್ಪ ನಂದ ಇತ್ತವಾ," ಅಂದಳು.

ಹತ್ತು ವರ್ಷದಲ್ಲಿ ಆ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಕೆಂಚವ್ವನ ಮುಖ ಸಡಿಲಾಯಿತು. ಒಂದು ನಿಟ್ಟುಸಿರು ಬಿಟ್ಟಳು, ಗ್ಲಾಸನ್ನು ತಂತಿಯ ಬುಟ್ಟಿಯಲ್ಲಿ ಸರಿಯಾಗಿ ಕೂಡಿಸಿದಳು.

"ನಾನೂ ಹಂಗ ಅನಕೊಂಡ್ನಿ," ಎಂದು ಮೆಟ್ಟಿಲಿಳಿದು ಅಂಗಡಿಯ ಕಡೆ ಹೋದಳು.

ಒಳಗಿನಿಂದ ಮುರಿಗೆಪ್ಪ ಕರೆದ. ಕಾಶೆವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಕಾಗದ ತೆಗೆದುಕೊಳ್ಳಲು ಎದ್ದಳು.